ಒದ್ದೆ ಹೆರಳು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಇದು ಗಂಡಹೆಂಡಿರ ಕೋಣೆಯೊಳಗಿನ ಮಾತು. ನಮ್ಮ ಕಡೆ ಹೆಂಗಸರು ಇದನ್ನು ಅಕ್ಕತಂಗಿಯರ ಹತ್ತಿರ ಹೇಳುವಾಗಲೂ ಅರ್ಧಕ್ಕೇ ನಿಲ್ಲಿಸುತ್ತಾರೆ. ನಾನು ಹಗಲೆಲ್ಲ ದುಡಿದು, ಸಂಜೆ ಕಾಲೇಜಿನ ಬೆಂಚಿನ ಮೇಲೆ ತೂಕಡಿಸುತ್ತ ಬಿ.ಎ. ಮುಗಿಸಿದವಳು. ಪ್ರೇಮವನ್ನು ಚೆಂದವಾಗಿ ಬರೆಯುವವರ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ನನಗಿದೆ ಎಂದುಕೊಂಡಿಲ್ಲ. ಓದಿ ಯಾರಿಗಾದರೂ ಮುಜುಗರವಾದರೆ ತಪ್ಪು ನನ್ನದೇ. ಆದರೂ ಬರೆಯುತ್ತಿದ್ದೇನೆ. ಮದುವೆಯಾದ ಹೊಸದರಲ್ಲಿ ಇಂಥದೊಂದನ್ನು ಯಾರಾದರೂ ಬರೆದಿದ್ದರೆ, ನಾನು ಅದನ್ನು ಸೀರೆಗಳ ನಡುವೆ ಬಚ್ಚಿಟ್ಟುಕೊಂಡು ಓದುತ್ತಿದ್ದೆ.

ನನ್ನ ಮದುವೆಯಾದದ್ದು ಎಪ್ಪತ್ತೊಂಬತ್ತರ ವೈಶಾಖದಲ್ಲಿ. ನನಗೆ ಇಪ್ಪತ್ತನಾಲ್ಕು ತುಂಬಿತ್ತು. ಆ ಕಾಲಕ್ಕೆ ಅದು ತಡವೇ. ಮಾಮೂಲ್‌ಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ ನನ್ನದು. ಇಡೀ ದಿನ ಬೇರೆಯವರ ಲಗ್ನಪತ್ರಿಕೆಗಳನ್ನು ತಿದ್ದುತ್ತಿದ್ದೆ. ಆ ಕೆಲಸ ನನ್ನ ಸ್ವಭಾವಕ್ಕೆ ಹೊಂದಿತ್ತೋ, ಕೆಲಸದಿಂದಲೇ ಸ್ವಭಾವ ಹಾಗಾಯಿತೋ ಹೇಳಲಾರೆ. ಕಣ್ಣಿಗೆ ಎಲ್ಲವೂ ಸರಿಯಾಗಿ ಕಂಡರೆ, ನಾನೇ ಏನನ್ನೋ ಬಿಟ್ಟಿದ್ದೇನೆ ಎಂಬ ಅನುಮಾನ ಬರುತ್ತಿತ್ತು.

ಅವರ ಹೆಸರು ವೃಷಭೇಂದ್ರ. ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಹೆಣ್ಣು ನೋಡಲು ಮಲ್ಲೇಶ್ವರದ ನಮ್ಮ ಮನೆಗೆ ಬಂದ ದಿನ ನನ್ನ ಮುಖ ನೋಡುವ ಬದಲು ನನ್ನ ಹಿಂದಿನ ಕಿಟಕಿಯನ್ನು ನೋಡುತ್ತಿದ್ದರು. ಅದರ ಅಳತೆ ತೆಗೆಯುತ್ತಿದ್ದಾರೆ ಎನ್ನಿಸಿತು. ಕಾಫಿ ಲೋಟ ತೆಗೆದುಕೊಳ್ಳುವಾಗ ಮಾತ್ರ ಒಂದು ಸಲ ಕಣ್ಣೆತ್ತಿ, ತಕ್ಷಣ ಇಳಿಸಿದರು. ಮದುವೆಗೆ ಮುಂಚೆ ನಾನು ಅವರನ್ನು ಕಂಡದ್ದು ಅದಷ್ಟೇ. ಇಲ್ಲ, ತಪ್ಪು ಹೇಳಿದೆ. ನಿಶ್ಚಿತಾರ್ಥದ ದಿನವೂ ಕಂಡಿದ್ದೆ. ಆ ದಿನ ನನ್ನ ಕಣ್ಣೇ ಮೇಲೇಳಲಿಲ್ಲ.

ಚಾಮರಾಜಪೇಟೆಯ ವಠಾರದಲ್ಲಿ ಅವರ ಮನೆ. ಒಂದು ಹಜಾರ, ಒಂದು ಅಡಿಗೆಮನೆ, ನಮಗೆಂದು ಬಿಟ್ಟುಕೊಟ್ಟ ಒಂದು ಸಣ್ಣ ಕೋಣೆ. ಕೋಣೆಯ ಗೋಡೆ ಹೆಂಚಿನವರೆಗೆ ಹೋಗದೆ ಮೇಲೆ ಮೊಳದಷ್ಟು ಖಾಲಿ ಬಿಟ್ಟಿತ್ತು. ಬಾಗಿಲ ಚಿಲಕ ಸೇರುತ್ತಿರಲಿಲ್ಲ. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಅತ್ತೆ ಶೈಲಜಮ್ಮ ಹಜಾರದಲ್ಲಿ ಮಲಗುತ್ತಿದ್ದರು. ಅವರು ಮಗ್ಗುಲು ಬದಲಿಸಿದರೆ ಚಾಪೆಯ ಸದ್ದು ನಮ್ಮ ಹಾಸಿಗೆಯವರೆಗೂ ಬರುತ್ತಿತ್ತು.

ಮೊದಲ ದಿನ ಆ ಕೋಣೆಯಲ್ಲಿ ಇಬ್ಬರೇ ಆದಾಗ ನನ್ನ ಕೈಕಾಲು ತಣ್ಣಗಾಗಿದ್ದವು. ಮನುಷ್ಯ ಕೆಟ್ಟವನಲ್ಲ ಎಂದು ಕಂಡಿತ್ತು. ಆದರೂ ನಾನು ಸಿದ್ಧಳಾಗಿರಲಿಲ್ಲ. ಮಂಟಪದಲ್ಲಿ ಅಕ್ಷತೆ ಬಿದ್ದ ಮಾತ್ರಕ್ಕೆ ಮೈ ಕೂಡ ಒಪ್ಪಿಬಿಡಬೇಕೆಂದು ಎಲ್ಲರೂ ಅಂದುಕೊಂಡಂತಿತ್ತು. ನನ್ನ ಮೈಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ.

"ನಂಗೆ ಸ್ವಲ್ಪ ಟೈಮ್ ಬೇಕು," ಎಂದೆ. ಬೆಳಗಿನಿಂದ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡ ವಾಕ್ಯ ಅದು.

ಅವರು ನನ್ನನ್ನು ನೋಡಿದರು. "ಆಗ್ಲಿ. ಅವಸರ ಏನಿಲ್ಲ. ನಿಂಗೆ ಯಾವಾಗ ಅನ್ಸುತ್ತೋ ಆಗ ಹೇಳು."

"ನಾನೇ ಹೇಳ್ಬೇಕಾ?"

"ಮತ್ತೆ ನಂಗೆ ಹ್ಯಾಗೆ ಗೊತ್ತಾಗ್ಬೇಕು?"

ಅಷ್ಟು ಹೇಳಿ ದಿಂಬು ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ಸ್ವಲ್ಪ ಹೊತ್ತಿಗೆ ಉಸಿರು ನಿಧಾನವಾಯಿತು. ನನಗೆ ಮೊದಲು ಬಂದದ್ದು ನೆಮ್ಮದಿ, ಅದರ ಬೆನ್ನಿಗೇ ಅನುಮಾನ. ಹೊಸದಾಗಿ ಮದುವೆಯಾದ ಗಂಡಸು ಇಷ್ಟು ಸುಲಭವಾಗಿ ಒಪ್ಪುವುದುಂಟೇ? ಇವರಿಗೆ ನಾನು ಬೇಡವಾಗಿರಬೇಕು. ಅಥವಾ ಬೇಕಾದವಳು ಬೇರೆ ಎಲ್ಲೋ ಇರಬೇಕು.

ಆ ಅನುಮಾನಕ್ಕೆ ದಿನವೂ ಅವರೇ ನೀರೆರೆದರು. ರಾತ್ರಿ ಊಟ ಮುಗಿಯುತ್ತಿದ್ದಂತೆ ಚಪ್ಪಲಿ ಮೆಟ್ಟಿಕೊಂಡು, ಬೀಡಾ ಹಾಕಿಕೊಂಡು ಬರುತ್ತೇನೆಂದು ಹೊರಡುವರು. ಒಂದು ಬೀಡಾಕ್ಕೆ ಅಷ್ಟು ಹೊತ್ತು ಬೇಕಾಗಿರಲಿಲ್ಲ. ನಾನು ಸೀರೆ ಬದಲಿಸಿ, ಹೊದಿಕೆ ಹೊದ್ದು, ಕಣ್ಣು ಮುಚ್ಚಿದ ಮೇಲೆ ಮೆಲ್ಲಗೆ ಒಳಗೆ ಬರುವರು. ನಾನು ಕಣ್ಣು ಮುಚ್ಚಿಕೊಂಡೇ ಅವರ ಅಂಗಿಯ ವಾಸನೆ ನೋಡುತ್ತಿದ್ದೆ. ಸುಣ್ಣ, ಅಡಿಕೆ, ಏಲಕ್ಕಿ. ಮಲ್ಲಿಗೆ ಇರಲಿಲ್ಲ. ಇರದೆ ಇದ್ದದ್ದೂ ಹುಷಾರಿತನವೇ ಇರಬಹುದೆಂದುಕೊಳ್ಳುತ್ತಿದ್ದೆ.

ಹಗಲಿನಲ್ಲಿ ಮಾತ್ರ ಅವರು ಬೇರೆಯೇ ಮನುಷ್ಯ. ನಾನು ಪ್ರೆಸ್ಸಿಗೆ ಹೊರಡುವಾಗ ಕನ್ನಡಿಯ ಮುಂದೆ ನಿಂತು ತಲೆ ಬಾಚುವ ನೆಪದಲ್ಲಿ ನನ್ನನ್ನು ನೋಡುವರು. ಕನ್ನಡಿಯೊಳಗೆ ಕಣ್ಣು ಸಿಕ್ಕಿದರೆ ಬಾಚಣಿಗೆ ಅಲ್ಲೇ ನಿಲ್ಲುವುದು. ಒಮ್ಮೆ ನನ್ನ ಸೆರಗಿಗೆ ಪಿನ್ನು ಸಿಗದೆ ಹುಡುಕುತ್ತಿದ್ದಾಗ, ತಮ್ಮ ಡ್ರಾಯಿಂಗ್ ಪೆಟ್ಟಿಗೆಯಿಂದ ಒಂದನ್ನು ತೆಗೆದು, ಚುಚ್ಚಿಕೊಡದೆ, ಅಂಗೈಯಲ್ಲಿಟ್ಟು ಚಾಚಿದರು. ನಾನು ತೆಗೆದುಕೊಂಡೆ. ಬೆರಳಿಗೆ ಬೆರಳು ತಾಗಲಿಲ್ಲ. ತಾಗಲಿಲ್ಲವೆಂದು ಆ ದಿನವೆಲ್ಲ ನೆನಪಾಗುತ್ತಿತ್ತು.

ಈಗ ವಠಾರದ ನಲ್ಲಿಯ ವಿಷಯ ಹೇಳಬೇಕು.

ಬೆಳಿಗ್ಗೆ ನೀರು ಬರುವ ಹೊತ್ತಿಗೆ ಎಲ್ಲ ಮನೆಗಳ ಹೆಂಗಸರೂ ಅಲ್ಲಿರುತ್ತಿದ್ದರು. ಆ ನಲ್ಲಿಗೆ ಯಜಮಾನಿ ಎಂದರೆ ಎದುರುಮನೆಯ ಶಕುಂತಲಮ್ಮ. ಬಾಯಿ ಜೋರು, ಮನಸ್ಸು ಒಳ್ಳೆಯದು, ಕಣ್ಣು ಮಾತ್ರ ಬಲು ಚುರುಕು. ಅವರ ಕಡೆಯ ಪದ್ಧತಿಯಲ್ಲಿ ಗಂಡನ ಜೊತೆ ಕೂಡಿದ ಮರುದಿನ ಬೆಳಿಗ್ಗೆ ಹೆಂಡತಿ ತಲೆಗೆ ನೀರು ಹಾಕಿಕೊಂಡೇ ಒಲೆ ಮುಟ್ಟಬೇಕು. ಹಾಗೆಯೇ ತಿಂಗಳ ಮೂರು ದಿನ ಹೊರಗೆ ಕೂರಬೇಕು. ಹೀಗಾಗಿ ಯಾವ ಮನೆಯಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಎಂಬುದು ಇಡೀ ವಠಾರಕ್ಕೆ ತಲೆ ನೋಡಿಯೇ ತಿಳಿಯುತ್ತಿತ್ತು. ನಾವು ಲಿಂಗ ಕಟ್ಟಿಕೊಂಡವರು. ಆ ಮೈಲಿಗೆಗಳು ನಮಗಿಲ್ಲವೆಂದು ನಮ್ಮ ಹಿರಿಯರು ಬಿಟ್ಟಿದ್ದರು. ನಾನು ತಿಂಗಳ ಆ ದಿನಗಳಲ್ಲೂ ಅಡಿಗೆ ಮಾಡುತ್ತಿದ್ದೆ, ಪೂಜೆಗೆ ಹೂ ಇಡುತ್ತಿದ್ದೆ, ಪ್ರೆಸ್ಸಿಗೂ ಹೋಗುತ್ತಿದ್ದೆ. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಆದರೆ ಶಕುಂತಲಮ್ಮನವರ ಕಣ್ಣಿಗೆ ನಮ್ಮ ಹಿರಿಯರು ಗೊತ್ತಿರಲಿಲ್ಲ. ನನ್ನ ಒಣ ತಲೆಯನ್ನು ಕೆಲವು ದಿನ ಸುಮ್ಮನೆ ನೋಡಿದರು. ಆಮೇಲೆ ಒಂದು ಬೆಳಿಗ್ಗೆ, ಅತ್ತೆಗೂ ಕೇಳಿಸುವಂತೆ, ನಿಮ್ಮ ಸೊಸೆಗೆ ಹಂಡೆಯಲ್ಲಿ ಬಿಸಿನೀರು ಸಾಲುವುದಿಲ್ಲವೇನೋ ಎಂದರು. ಉಳಿದವರು ಸೆರಗು ಬಾಯಿಗಿಟ್ಟುಕೊಂಡರು. ಅತ್ತೆ ಕೊಡ ಎತ್ತಿಕೊಂಡು ಒಳಗೆ ಬಂದರು. ಅವರ ಮುಖ ನೋಡಲಾಗಲಿಲ್ಲ. ಮಗನಲ್ಲಿ ಏನಾದರೂ ಕುಂದಿದೆಯೋ, ಸೊಸೆಗೆ ಮನಸ್ಸಿಲ್ಲವೋ ಎಂದು ಅವರೂ ಒಳಗೊಳಗೇ ಲೆಕ್ಕ ಹಾಕುತ್ತಿದ್ದಾರೆಂದು ಅನ್ನಿಸಿತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು, ಹೊಟ್ಟಿನ ಒಲೆ ಹಚ್ಚುವವರೆಗೂ ಕಾಯದೆ ತಣ್ಣೀರನ್ನೇ ತಲೆಗೆ ಸುರಿದುಕೊಂಡೆ. ಒದ್ದೆ ಹೆರಳಿಗೆ ಟವೆಲು ಸುತ್ತಿ ನಲ್ಲಿಗೆ ಹೋದೆ. ಶಕುಂತಲಮ್ಮ ನೋಡಿದರು. ತಮ್ಮ ಕೊಡ ಪಕ್ಕಕ್ಕೆ ಸರಿಸಿ, "ಬಾಮ್ಮ, ನೀನು ಮೊದ್ಲು ಹಿಡ್ಕೋ," ಎಂದರು.

ಅಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ. ಅದೇ ಅಭ್ಯಾಸವಾಯಿತು. ಅತ್ತೆಯ ಮುಖ ಅರಳಿತು. ನಮ್ಮಲ್ಲಿ ಇದೆಲ್ಲ ಇಲ್ಲ ಕಣಮ್ಮ, ಆದರೂ ನಾಲ್ಕು ಜನರ ನಡುವೆ ಇರುವವರಲ್ಲವೇ ಎಂದು ಹೇಳಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಬುಟ್ಟಿ ಕವುಚಿ, ನನ್ನ ಕೂದಲನ್ನು ಅದರ ಮೇಲೆ ಹರಡಿ ಒಣಗಿಸುವರು. ಅವರ ಬೆರಳು ಕೂದಲಲ್ಲಿ ಆಡುವಾಗ ನನಗೆ ಸುಖವೂ ಆಗುತ್ತಿತ್ತು, ಸಂಕಟವೂ ಆಗುತ್ತಿತ್ತು.

ಇವರು ಅದನ್ನೆಲ್ಲ ಹೊಸ್ತಿಲ ಬಳಿ ನಿಂತು ನೋಡಿದರು. ಏನೂ ಕೇಳಲಿಲ್ಲ. ಹುಬ್ಬು ಮಾತ್ರ ಸ್ವಲ್ಪ ಗಂಟಾಯಿತು.

ಜ್ಯೇಷ್ಠದ ಗಾಳಿ ಶುರುವಾಗಿತ್ತು. ದಿನಾ ಒದ್ದೆ ತಲೆಯಲ್ಲಿ ಬಸ್ಸು ಹತ್ತಿದ್ದಕ್ಕೆ ನೆಗಡಿ ಹಿಡಿಯಿತು, ಜ್ವರವೂ ಬಂತು. ಅತ್ತೆ ಶುಂಠಿ, ಮೆಣಸು, ದೊಡ್ಡಪತ್ರೆ ಹಾಕಿದ ಕಷಾಯಕ್ಕೆ ನೆಲಬೇವನ್ನೂ ಕುದಿಸಿ ಲೋಟದ ತುಂಬ ಕೊಟ್ಟರು. ಕುಡಿದು ನಲ್ಲಿಯ ಹತ್ತಿರ ಹೋದೆನೋ ಇಲ್ಲವೋ, ಹೊಟ್ಟೆ ತೊಳಸಿ ಬಂತು. ಅಲ್ಲೇ ಮೋರಿಯ ಪಕ್ಕ ಕೂತು ಎಲ್ಲವನ್ನೂ ಕಾರಿಕೊಂಡೆ.

ತಿರುಗಿ ನೋಡಿದರೆ ಹೆಂಗಸರೆಲ್ಲ ನನ್ನನ್ನು ನೋಡುತ್ತ ನಗುತ್ತಿದ್ದರು. ಶಕುಂತಲಮ್ಮ ನನ್ನ ಬೆನ್ನು ನೀವಿ, ಇಷ್ಟು ಬೇಗನಾ ತಾಯಿ ಎಂದರು. ಕಷಾಯ ಎಂದು ನಾನು ಹೇಳಿದ್ದು ಯಾರ ಕಿವಿಗೂ ಹೋಗಲಿಲ್ಲ.

ಅದೇ ಬೆಳಿಗ್ಗೆ ಇವರು ಅಂಗಳದಲ್ಲಿ ಕನ್ನಡಿ ನೇತುಹಾಕಿ ಗಡ್ಡ ಮಾಡಿಕೊಳ್ಳುತ್ತಿದ್ದರು. ಪಕ್ಕದ ಮನೆಯ ದಾಸಪ್ಪ ಹಲ್ಲುಜ್ಜುತ್ತ ಬಂದು, "ಏನ್ ಗುರುವೇ, ಸ್ವೀಟ್ ಯಾವಾಗ? ಬಲೇ ಸ್ಪೀಡು ನೀನು," ಎಂದ. ಇವರ ಗಲ್ಲಕ್ಕೆ ಬ್ಲೇಡು ತಾಗಿತು. ಸೋಪಿನ ನೊರೆಯಲ್ಲಿ ಕೆಂಪು ಗೆರೆ ಇಳಿಯಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಕನ್ನಡಿಯೊಳಗಿಂದ ಅವರ ಕಣ್ಣು ನನ್ನನ್ನು ಹುಡುಕಿತು. ಹಿಂದಿನ ನೋಟವಲ್ಲ ಅದು. ಆ ನೋಟ ನನ್ನ ಹೊಟ್ಟೆಯ ಮೇಲೆ ನಿಂತು, ಮತ್ತೆ ಮುಖಕ್ಕೆ ಬಂತು.

ಆಮೇಲೆ ಮಾತು ನಿಂತಿತು. ಉಪ್ಪು ಕೊಡು, ಛತ್ರಿ ಎಲ್ಲಿ, ಇಷ್ಟೇ. ಬೀಡಾದ ಸುತ್ತಾಟ ಇನ್ನೂ ಉದ್ದವಾಯಿತು. ನಾನು ನನ್ನ ಅನುಮಾನವನ್ನು ಗಟ್ಟಿ ಮಾಡಿಕೊಂಡೆ. ಆ ಬೇರೆಯವಳ ಹತ್ತಿರ ಜಗಳವಾಗಿದೆ, ಇಲ್ಲವೇ ಅವಳನ್ನೇ ಮನೆಗೆ ತರುವ ಯೋಚನೆ ನಡೆದಿದೆ. ನಾನು ಬೇಡವೆಂದು ಬಾಗಿಲು ಮುಚ್ಚಿದ್ದಕ್ಕೆ ಆ ಮನುಷ್ಯ ದೂರವಾಗುತ್ತಿದ್ದಾನೆ. ಹೋಗಲಿ, ಬೇಕು ಎಂದು ಸುಳ್ಳು ಹೇಳಿ ಉಳಿಸಿಕೊಳ್ಳಲೇ ಎಂದೂ ಯೋಚಿಸಿದೆ. ಎರಡು ಸಂಜೆ ಬಾಯಿಯವರೆಗೂ ಬಂದಿತ್ತು. ಸುಳ್ಳನ್ನು ತಲೆಯ ಮೇಲೆ ಸುರಿದುಕೊಂಡದ್ದಾಗಿತ್ತು. ಮೈಯಲ್ಲೂ ಹೇಳಿಸಲು ಮನಸ್ಸು ಬರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ, ಬಸವನಗುಡಿಗೆ ಹೋಗಿಬರೋಣ ಎಂದರು. ಅತ್ತೆ ಸಂತೋಷದಿಂದ ಬಸವಣ್ಣನಿಗೆಂದು ಹಣ್ಣುಕಾಯಿ ಕಟ್ಟಿಕೊಟ್ಟರು. ಗುಡಿ ಮುಗಿಸಿ ಕಹಳೆ ಬಂಡೆಯ ಮೇಲೆ, ಜನ ಕಡಿಮೆಯಿದ್ದ ಕಡೆ ಕೂತೆವು. ಇವರು ಒಂದು ಪೊಟ್ಟಣ ಕಡಲೆಕಾಯಿ ಕೊಂಡಿದ್ದರು. ಸುಲಿಯುತ್ತಿದ್ದರು, ತಿನ್ನುತ್ತಿರಲಿಲ್ಲ. ಬೀಜಗಳನ್ನು ಬಂಡೆಯ ಮೇಲೆ ಒಂದೇ ಗೆರೆಯಲ್ಲಿ ಇಡುತ್ತಿದ್ದರು.

"ಮಹಾನಂದ, ಒಂದು ಕೇಳ್ತೀನಿ. ನಿಜ ಹೇಳಿದ್ರೆ ನಾನು ಕೂಗಾಡಲ್ಲ."

"ಕೇಳಿ."

"ಯಾರದು?"

"ಯಾವುದು ಯಾರದು?"

"ಮಗು."

ನನಗೆ ಮೊದಲು ನಗು ಬಂತು. ಅವರ ಮುಖ ನೋಡಿದ ಮೇಲೆ ತಮಾಷೆಯಲ್ಲವೆಂದು ತಿಳಿಯಿತು.

ಅವರು ತಲೆ ತಗ್ಗಿಸಿಕೊಂಡೇ ಹೇಳಿದರು, ಒಂದೊಂದು ಬೀಜಕ್ಕೆ ಒಂದೊಂದು ಮಾತು ಇಟ್ಟಂತೆ. "ಮೊದಲ ದಿನಾನೇ ಟೈಮ್ ಬೇಕು ಅಂದೆ. ನಾನು ಸರಿ ಅಂದೆ. ಆಮೇಲೆ ದಿನಾ ತಲೆಗೆ ನೀರು ಹಾಕ್ಕೊಳ್ಳೋಕೆ ಶುರು ಮಾಡಿದೆ, ಎಲ್ರಿಗೂ ಕಾಣೋ ಹಾಗೆ. ನಮ್ಮಿಬ್ರ ಮಧ್ಯೆ ಏನೂ ಇಲ್ಲ ಅಂತ ನಂಗೊತ್ತು, ನಿಂಗೊತ್ತು. ಇದೆ ಅಂತ ವಠಾರಕ್ಕೆಲ್ಲ ತೋರಿಸ್ಬೇಕು ಅಂದ್ರೆ ಯಾಕೆ? ಅಂಥ ಸಾಕ್ಷಿ ಯಾರಿಗೆ ಬೇಕಾಗಿರುತ್ತೆ, ನೀನೇ ಹೇಳು. ಅದಾದ ಮೇಲೆ ವಾಂತಿ."

ನಾನು ಪ್ರೂಫ್ ನೋಡುವವಳು. ಆ ವಾದವನ್ನು ಮೊದಲಿಂದ ಕೊನೆಯವರೆಗೆ ಮನಸ್ಸಿನಲ್ಲೇ ಓದಿದೆ. ಎಲ್ಲೂ ಒಂದು ತಪ್ಪೂ ಸಿಗಲಿಲ್ಲ. ಅದಕ್ಕೇ ಹೆಚ್ಚು ಕೋಪ ಬಂತು.

"ಅದು ನಿಮ್ಮಮ್ಮನ ನೆಲಬೇವು," ಎಂದೆ. ಆಮೇಲೆ ನಲ್ಲಿಯ ಕಥೆಯೆಲ್ಲ ಹೇಳಿದೆ. ಶಕುಂತಲಮ್ಮನ ಮಾತು, ಅತ್ತೆಯ ಮುಖ, ತಣ್ಣೀರು. "ಇನ್ನೊಂದು ಕೇಳಿ. ಈ ವಾರ ನಾನು ಮುಟ್ಟಾಗಿದ್ದೆ. ನಿಮ್ಮ ಕಣ್ಣೆದುರಿಗೇ ಅಡಿಗೆ ಮಾಡಿ ಬಡಿಸಿದೀನಿ. ನಮ್ಮಲ್ಲಿ ಹೊರಗೆ ಕೂರಿಸಲ್ಲ, ನಿಮಗೆ ಗೊತ್ತಾಗ್ಲಿಲ್ಲ. ದಾಸಪ್ಪನ ಮನೆ ಆಗಿದ್ರೆ ಹೆಂಡತಿ ಹೊರಗಿದಾಳೆ ಅಂತ ಬೀದಿಗೆಲ್ಲ ತಿಳೀತಿತ್ತು. ನೀವು ಕೇಳ್ಬಹುದಿತ್ತು. ಒಂದೇ ಒಂದು ಮಾತು."

ಅವರ ಕೈ ನಿಂತಿತು. ಕಿವಿಯವರೆಗೂ ಕೆಂಪಾದರು. "ತಪ್ಪಾಯ್ತು," ಎಂದರು.

"ಈಗ ನಾನು ಕೇಳ್ತೀನಿ. ಯಾರವಳು?"

"ಯಾವಳು?"

"ದಿನಾ ಬೀಡಾ ತಿನ್ನಿಸೋಳು."

ಅವರಿಗೆ ನಗು ಬಂದು, ನಗಬಾರದೆಂದು ತಡೆದುಕೊಂಡು, ತಡೆಯಲಾಗದೆ ನಕ್ಕರು. ಟಾಕೀಸಿನ ಪಕ್ಕದ ಮೋರಿಕಟ್ಟೆಯ ಮೇಲೆ ಕೂತಿರುತ್ತಾರಂತೆ. ಒಳಗಿನ ಸದ್ದು ಗೋಡೆಯಾಚೆಗೂ ಕೇಳುತ್ತದಂತೆ. "ಆ ಪಿಚ್ಚರ್ ನಾನು ನೋಡೇ ಇಲ್ಲ. ಡೈಲಾಗ್ ಮಾತ್ರ ಪೂರ್ತಿ ಬಾಯಿಪಾಠ. ಬೇಕಾದ್ರೆ ಒಪ್ಪಿಸ್ತೀನಿ." ಯಾಕೆ ಹೋಗುತ್ತಿದ್ದಿರಿ ಎಂದರೆ, ಕೋಣೆಗೆ ಚಿಲಕವಿಲ್ಲ, ನೀನು ಸೀರೆ ಬದಲಿಸಿ ಮಲಗುವವರೆಗೆ ನಾನಿರಬಾರದು ಅನ್ನಿಸಿತು ಎಂದರು.

"ಮೊದಲ ದಿನ ಅಷ್ಟು ಬೇಗ ಆಗ್ಲಿ ಅಂದಿದ್ದು?"

"ನಂಗೂ ಹೆದ್ರಿಕೆ ಆಗಿತ್ತು ಕಣೆ. ನೀನು ಟೈಮ್ ಬೇಕು ಅಂದಾಗ ಪರೀಕ್ಷೆ ಮುಂದಕ್ಕೆ ಹೋದಷ್ಟು ಖುಷಿ ಆಯ್ತು."

ಕಣೆ ಎಂದು ಅವರು ನನ್ನನ್ನು ಕರೆದದ್ದು ಅದೇ ಮೊದಲು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ಮನೆಗೆ ನಡೆದು ಬರುವಾಗ ಅವರ ಮುಖದಲ್ಲಿ ಒಂದು ನಿರೀಕ್ಷೆ ಇತ್ತು, ಅಡ್ಡಿಯೆಲ್ಲ ತೀರಿತಲ್ಲ ಎಂಬಂತೆ. ನನ್ನೊಳಗೆ ಮಾತ್ರ ಹತ್ತಿರ ಬಂದಿದ್ದ ಏನೋ ಮತ್ತೆ ಹಿಂದೆ ಸರಿದಿತ್ತು. ಅನುಮಾನ ತೀರಿದ ಮಾತ್ರಕ್ಕೆ ಮನಸ್ಸು ಸಿದ್ಧವಾಗುವುದಿಲ್ಲ. ನನ್ನನ್ನು ಹಾಗೆ ಅಂದುಕೊಂಡವನ ತೋಳಿನಲ್ಲಿ ಮಲಗಬೇಕಲ್ಲ. ಅದನ್ನು ಹೇಳಿಬಿಟ್ಟೆ. ಹೇಳುವಾಗ, ಇವತ್ತಿಗೆ ಈ ಮದುವೆ ಮುಗಿಯಿತೇನೋ ಎಂದು ಹೆದರಿದ್ದೆ.

ಅವರು ವಠಾರದ ಬಾಗಿಲು ಕಂಡಾಗ ನಿಂತರು. "ಕಾಯ್ತೀನಿ ಅಂತ ಹೇಳಲ್ಲ. ಕಾಯ್ತೀನಿ ಅಂದ್ರೆ ದಿನ ಎಣಿಸಿದ ಹಾಗಾಗುತ್ತೆ. ಸುಮ್ನೆ ಜೊತೇಲಿರ್ತೀನಿ. ಅನುಮಾನ ಬಂದ್ರೆ ಮಾತ್ರ ಅವತ್ತೇ ಕೇಳ್ಬಿಡೋಣ. ಇಬ್ರೂ."

ಆಷಾಢ ಬಂತು. ಹೊಸ ಸೊಸೆ ಆ ತಿಂಗಳು ತವರಿನಲ್ಲಿರಬೇಕು, ಅಳಿಯ ಅತ್ತೆಮನೆಯ ಹೊಸ್ತಿಲು ತುಳಿಯಬಾರದು. ಅಷ್ಟು ಹೊತ್ತಿಗೆ ನಾನು ಬಸುರಿಯಲ್ಲವೆಂದು ಅತ್ತೆಗೆ ನಾನೇ ಹೇಳಿದ್ದೆ. ಅವರು ಬೇಸರ ತೋರದೆ, ಕಷಾಯಕ್ಕೆ ನೆಲಬೇವು ಜಾಸ್ತಿಯಾಗಿತ್ತು ಎಂದಷ್ಟೇ ಅಂದು, ಮಡಿಲು ತುಂಬಿಸಿ ಕಳಿಸಿದರು. ಮಲ್ಲೇಶ್ವರದಲ್ಲಿ ನನ್ನ ಹಳೆಯ ಚಾಪೆಯ ಮೇಲೆ ಮಲಗಿ, ಇನ್ನೊಂದು ತಿಂಗಳು ಯಾರೂ ನನ್ನ ತಲೆ ನೋಡುವುದಿಲ್ಲವೆಂದು ಹಗುರಾದೆ.

ಕೆಲವು ದಿನಗಳಾಗಿರಬೇಕು. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಅಂಜನಪ್ಪ ನನ್ನ ಮೇಜಿನ ಬಳಿ ಬಂದು ದನಿ ತಗ್ಗಿಸಿದ. ಎದುರಿಗೆ ಒಬ್ಬ ಆಸಾಮಿ ನಿಂತಿದ್ದಾನೆ, ನಿನ್ನೆಯೂ ನಿಂತಿದ್ದ, ಪೊಲೀಸಿಗೆ ಹೇಳಲೇ ಎಂದು ಕೇಳಿದ. ಕಿಟಕಿಯಲ್ಲಿ ಇಣುಕಿದೆ. ಪಾತ್ರೆ ಅಂಗಡಿಯ ಮುಂದೆ ಛತ್ರಿ ಹಿಡಿದು, ನಮ್ಮ ಕಿಟಕಿಯ ಅಳತೆ ತೆಗೆಯುವವರ ಹಾಗೆ ಕತ್ತೆತ್ತಿ ನಿಂತಿದ್ದರು ನನ್ನ ಗಂಡ.

ಹೊಸ್ತಿಲು ತುಳಿಯಬಾರದು ಅಂತ ತಾನೇ ಇರುವುದು, ರಸ್ತೆಗೆ ಏನೂ ಹೇಳಿಲ್ಲವಲ್ಲ ಎಂದರು. ಅಲ್ಲಿಂದ ಸಂಜೆಗಳೆಲ್ಲ ನಮ್ಮವಾದವು. ಪೇಟೆಯ ಕೈಗಾಡಿಗಳ ನಡುವೆ ನುಸುಳಿ, ಮೆಜೆಸ್ಟಿಕ್ಕಿನಲ್ಲಿ ಬೈಟು ಕಾಫಿ ಕುಡಿದು, ಬಸ್ಸು ಹತ್ತದೆ ಮಾತಾಡುತ್ತ ಸಂಪಿಗೆ ರಸ್ತೆಯವರೆಗೂ ನಡೆಯುತ್ತಿದ್ದೆವು. ತುಂತುರು ಬಿದ್ದರೆ ಒಂದೇ ಛತ್ರಿ. ಅವರ ಒಂದು ಭುಜ ಯಾವಾಗಲೂ ನೆನೆದಿರುತ್ತಿತ್ತು. ನನ್ನದು ಎಂದೂ ನೆನೆಯಲಿಲ್ಲ.

ಆಗ ತಿಳಿದದ್ದು, ಅವರು ಹಾಗಲಕಾಯಿಯನ್ನು ಇಷ್ಟಪಡುತ್ತಾರೆ. ತಂದೆಯ ಸಾವಿನ ದಿನ ಅಳಲಿಲ್ಲವೆಂದು ಇನ್ನೂ ನೋಯುತ್ತಾರೆ. ಲೆಕ್ಕ ತಪ್ಪಿದರೆ ಪೆನ್ಸಿಲಿನ ಹಿಂಬದಿ ಕಚ್ಚುತ್ತಾರೆ. ನನ್ನ ವಿಷಯ ಅವರು ತಿಳಿದದ್ದೂ ಆಗಲೇ. ನಾನು ಸಂಜೆ ಕಾಲೇಜಿಗೆ ಹೋಗುತ್ತಿದ್ದಾಗ ಹಿಂಬಾಲಿಸುತ್ತಿದ್ದವನೊಬ್ಬನ ಸದ್ದು ಇಂದಿಗೂ ನನ್ನ ಬೆನ್ನಿಗಿದೆ ಎಂದು ಹೇಳಿದಾಗ, ಅವರು ನನ್ನ ಹಿಂದಿನಿಂದ ಪಕ್ಕಕ್ಕೆ ಬಂದರು. ಅಂದಿನಿಂದ ಜನಸಂದಣಿಯಲ್ಲೂ ನನ್ನ ಹಿಂದೆ ನಡೆಯಲಿಲ್ಲ.

ಒಂದು ಸಂಜೆ, "ಕೈ ಹಿಡ್ಕೊಳ್ಲಾ?" ಎಂದರು.

"ಬೇಡ," ಎಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಬೇಡ ಅಂದರೆ ಏನಾಗುತ್ತದೆ ಎಂದು ನೋಡಲೆಂದೇ ಇರಬೇಕು. ಅವರ ಮುಖವನ್ನು ಓರೆಗಣ್ಣಿನಲ್ಲಿ ಪರೀಕ್ಷಿಸಿದೆ. ಮುನಿಸಿಲ್ಲ, ಮೌನವಿಲ್ಲ. ಅರ್ಧಕ್ಕೆ ನಿಲ್ಲಿಸಿದ್ದ ಕೆರೆಯ ನಕ್ಷೆಯ ಮಾತನ್ನೇ ಮುಂದುವರಿಸಿದರು. ನಾನು ಕೆರೆಯ ಬಗ್ಗೆ ಏನೂ ಕೇಳಿಸಿಕೊಳ್ಳಲಿಲ್ಲ. ನಾನು ಬೇಡವೆಂದ ಮೇಲೂ ಅವರು ಅಷ್ಟೇ ಹತ್ತಿರದಲ್ಲಿ ನಡೆಯುತ್ತಿದ್ದರು.

ಮತ್ತೊಂದು ಸಂಜೆ ಸಂಪಿಗೆ ರಸ್ತೆಯ ಹೂವಿನವರ ಮುಂದೆ ನಾನೇ ಅವರ ಕೈ ಹಿಡಿದೆ. ಅವರು ಮಾತು ಮರೆತರು. ಹೂ ಮಾರುತ್ತಿದ್ದ ಮಾರಕ್ಕ, ಮೊಳ ಹಾಕಲೇ ಎರಡು ಹಾಕಲೇ ಎಂದು ಕೇಳುತ್ತಲೇ ಇದ್ದಳು.

ಯಾರೋ ನೋಡಿದವರು ನಮ್ಮಮ್ಮನಿಗೆ ಹೇಳಿದರು. ಒಳಗೆ ಕಾಲಿಡುತ್ತಿದ್ದಂತೆ ಅಮ್ಮ ಬಾಗಿಲು ಹಾಕಿ, ಸಣ್ಣ ದನಿಯಲ್ಲಿ ಕೇಳಿದರು. "ಆಷಾಢದಲ್ಲಿ ತವರಿಗೆ ಬಂದು ಯಾವನ ಜೊತೆ ಓಡಾಡ್ತಿದ್ದೀಯೇ?"

"ನನ್ನ ಗಂಡನ ಜೊತೆ."

ಅಮ್ಮ ನಂಬಿದರೋ ಇಲ್ಲವೋ, ಮರುದಿನ ಸಂಜೆ ತರಕಾರಿ ಚೀಲ ಹಿಡಿದು ರಸ್ತೆಯ ತುದಿಯಲ್ಲಿ ನಿಂತಿದ್ದರು. ಅಳಿಯನನ್ನು ಕಂಡು ಸೆರಗು ಸರಿಮಾಡಿಕೊಂಡು, ಕಾಣದವರ ಹಾಗೆ ತಿರುಗಿ ಹೋದರು.

ಶ್ರಾವಣದಲ್ಲಿ ಚಾಮರಾಜಪೇಟೆಗೆ ಹಿಂತಿರುಗಿದೆ. ಕೋಣೆಯ ಬಾಗಿಲನ್ನು ಯಾರೋ ಅಂಚು ಹೆರೆದು ಸರಿಮಾಡಿದ್ದರು. ಚಿಲಕ ಸಲೀಸಾಗಿ ಸೇರುತ್ತಿತ್ತು. ನನ್ನ ಹಳೆಯ ಬುದ್ಧಿ ತಲೆಯೆತ್ತಿತು. ಒಪ್ಪಂದದ ಪ್ರಕಾರ ಅವತ್ತೇ ಕೇಳಿದೆ, ಇದೇನು ತಯಾರಿ ಎಂದು. ನೀನು ಸೀರೆ ಬದಲಿಸುವಾಗ ಒಳಗಿಂದ ಹಾಕಿಕೊಳ್ಳಲಿಕ್ಕೆ, ತೆಗೆಯುವುದು ಹಾಕುವುದು ಎರಡೂ ನಿನ್ನ ಕೈಯಲ್ಲೇ ಎಂದರು. ಊಟವಾದ ಮೇಲೆ ಎಂದಿನಂತೆ ಬೀಡಾಕ್ಕೆ ಹೋದರು.

ಆಮೇಲೂ ಹಲವು ಸಂಜೆ ಹಾಗೆಯೇ ಹೋದವು. ನಾನು ತಲೆಗೆ ನೀರು ಹಾಕಿಕೊಳ್ಳಲಿಲ್ಲ. ಶಕುಂತಲಮ್ಮ ನೋಡಿದರು, ನೋಡಲಿ ಎಂದು ಬಿಟ್ಟೆ.

ಅದು ಸಾಧಾರಣ ಸಂಜೆ. ಸೊಪ್ಪಿನ ಸಾರು ಮಾಡಿದ್ದೆ. ಅತ್ತೆ ಎದುರುಮನೆಯಲ್ಲಿ ಪುರಾಣ ಕೇಳಲು ಹೋಗಿದ್ದರು. ಇವರು ಎದ್ದು, ಬಾಗಿಲ ಬಳಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದರು.

"ಇವತ್ತು ಹೋಗ್ಬೇಡಿ," ಎಂದೆ.

"ಬೀಡಾ..."

"ನಾಳೆ ತಿನ್ನಿ."

ಒಂದೇ ಕಾಲಿನ ಚಪ್ಪಲಿಯಲ್ಲಿ ಹಾಗೇ ನಿಂತರು. ಅಳೆಯುವ ನೋಟ ಇರಲಿಲ್ಲ, ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನನ್ನ ಮುಖಕ್ಕೂ ನೆಲಕ್ಕೂ ಓಡಾಡುತ್ತಿತ್ತು. "ನನಗೋಸ್ಕರ ಅಲ್ಲ ತಾನೆ? ಅಮ್ಮನಿಗೋಸ್ಕರ, ಆ ನಲ್ಲಿಯವರಿಗೋಸ್ಕರ..."

"ಅಲ್ಲ. ನಂಗೇ ಬೇಕು ಅನ್ನಿಸ್ತಿದೆ." ಅದು ನಾನು ಮೊದಲೇ ತಿದ್ದಿಟ್ಟುಕೊಂಡ ವಾಕ್ಯವಾಗಿರಲಿಲ್ಲ. "ಮಧ್ಯದಲ್ಲಿ ಬೇಡ ಅನ್ನಿಸಿದ್ರೆ ಆಗ್ಲೂ ಹೇಳ್ತೀನಿ."

"ಹೇಳು. ನಾನೂ ಹೇಳ್ತೀನಿ."

ಅವರು ಚಪ್ಪಲಿ ಕಳಚಿದರು. ಒಳಗೆ ಹೋಗಿ ಚಿಲಕ ಹಾಕಿದವಳು ನಾನೇ. ಓದುವವರು ಇಲ್ಲಿ ನಿಲ್ಲಬೇಕು. ಒಂದು ಮಾತ್ರ ಹೇಳುತ್ತೇನೆ, ನನ್ನ ಕೈಕಾಲು ತಣ್ಣಗಿರಲಿಲ್ಲ.

ಮರುದಿನ ಬೆಳಿಗ್ಗೆ ಮುಖ ತೊಳೆದು, ಹಿಂದಿನ ದಿನದ ಹೆರಳು ಹಾಗೇ ಇಟ್ಟುಕೊಂಡು, ಬಾಡಿದ ಹೂವನ್ನೂ ತೆಗೆಯದೆ ಕೊಡ ಹಿಡಿದು ನಲ್ಲಿಗೆ ಹೋದೆ. ನನ್ನ ತಲೆ ಒಣಗಿತ್ತು. ಶಕುಂತಲಮ್ಮ ಅದನ್ನು ನೋಡಿ, ನಿಜವಾದ ಕಾಳಜಿಯಿಂದ ಹತ್ತಿರ ಬಂದರು.

"ಯಾಕಮ್ಮಾ, ಇನ್ನೂ ಮುನಿಸು ಹೋಗಿಲ್ವಾ? ನಾನೊಂದ್ ಮಾತು ಅವನಿಗೆ ಹೇಳ್ಲಾ?"

ಅಂಗಳದಲ್ಲಿ ಇವರು ಗಡ್ಡ ಮಾಡಿಕೊಳ್ಳುತ್ತಿದ್ದರು. ಕನ್ನಡಿಯೊಳಗಿಂದ ಕಣ್ಣು ಸಿಕ್ಕಿತು. ಬ್ಲೇಡು ಗಾಳಿಯಲ್ಲೇ ನಿಂತಿತು. ನೊರೆಯ ನಡುವೆ ಅವರು ನಕ್ಕದ್ದು ನನಗೊಬ್ಬಳಿಗೇ ಕಂಡಿತು.

"ಹೇಳಿ, ಶಕುಂತಲಮ್ಮ," ಎಂದೆ.

ಆ ವಠಾರ ಈಗಿಲ್ಲ. ನಾವು ಇದ್ದೇವೆ. ನನಗೆ ತಿಳಿಯದೆ ಉಳಿದದ್ದನ್ನೂ ಹೇಳಿ ಮುಗಿಸುತ್ತೇನೆ. ಮೊದಲ ದಿನ ಅವರಿಗೆ ಹೆದರಿಕೆಯಾಗಿದ್ದು ನಿಜವೋ, ಬಂಡೆಯ ಮೇಲೆ ನನ್ನ ಸಮಾಧಾನಕ್ಕೆಂದು ಹೇಳಿದ್ದೋ, ಗೊತ್ತಿಲ್ಲ. ಅವತ್ತೇ ಕೇಳಬೇಕೆಂಬ ಒಪ್ಪಂದವಿದ್ದರೂ ಅದೊಂದನ್ನು ನಾನು ಮತ್ತೆ ಕೇಳಿಲ್ಲ. ಸೊಪ್ಪಿನ ಸಾರು ಮಾಡಿದ ಆ ಸಂಜೆಯೇ ಯಾಕೆ, ಅದರ ಹಿಂದಿನ ಸಂಜೆ ಯಾಕಲ್ಲ, ನನ್ನೊಳಗೆ ಏನು ಬದಲಾಯಿತು ಎಂಬುದೂ ನನಗೆ ಗೊತ್ತಿಲ್ಲ.